ಬೆನ್ನಿನ ಮೇಲೆ ಗೋಣಿಯ ಗೆರೆ

ಕೊರೊನಾ ವಾರ್ಡುಗಳು ಖಾಲಿಯಾಗಿ ನಾವೆಲ್ಲ ನಮ್ಮ ನಮ್ಮ ಕೆಲಸಕ್ಕೆ ಮರಳಿದ ಮೊದಲ ಬೇಸಿಗೆ ಅದು. ನಾನಾಗ ಪುಣೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಅರಿವಳಿಕೆ ವೈದ್ಯರೆಂದರೆ ರೋಗಿಗೆ ನಿದ್ದೆ ಬರಿಸುವವರು ಎಂದಷ್ಟೇ ಜನ ತಿಳಿದಿದ್ದಾರೆ. ಅಪಘಾತದಲ್ಲಿ ಜಜ್ಜಿಹೋದವನಿಗೆ ಎಷ್ಟು ರಕ್ತ, ಎಷ್ಟು ಪ್ಲಾಸ್ಮಾ, ಯಾವ ಔಷಧ ಎಂದು ತೀರ್ಮಾನಿಸಿ ಅವನನ್ನು ಮೇಜಿನ ಮೇಲೆ ಉಳಿಸಿಕೊಳ್ಳುವುದೂ ನಮ್ಮದೇ ಪಾಲು. ಸಂಶಯ ನನ್ನ ಹುಟ್ಟುಗುಣ. ಹಾಲಿನವನ ಲೀಟರನ್ನೂ ಇವಳು ನಂಬುವುದಿಲ್ಲ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಹಾಲಿನವನನ್ನು ನಾನು ಬಲ್ಲೆ.

ಏಪ್ರಿಲ್ ತಿಂಗಳ ಒಂದು ಸಂಜೆ ಆಪರೇಷನ್ ಥಿಯೇಟರಿನಿಂದ ನನಗೆ ಕರೆ ಬಂತು. ರೋಗಿಯ ಹೆಸರು ಹಣಮಂತ, ಯಾದಗಿರಿ ಕಡೆಯ ಗಾರೆ ಕೆಲಸದವ. ಹಿಂಜವಾಡಿಯಲ್ಲಿ ಏಳುತ್ತಿದ್ದ ಕಟ್ಟಡದ ಎರಡನೇ ಮಹಡಿಯಿಂದ ಬಿದ್ದಿದ್ದ. ಸೊಂಟದ ಮೂಳೆ ಮುರಿದಿತ್ತು, ಲಿವರ್ ಸೀಳಿತ್ತು. ಸರ್ಜನ್ ಸಮೀರ್ ಹೊಟ್ಟೆ ತೆರೆದು ಸೀಳನ್ನು ಹೊಲಿದು ಮುಗಿಸಿದ್ದರೂ ರಕ್ತ ನಿಲ್ಲುತ್ತಿರಲಿಲ್ಲ. ಒಂದೇ ನಾಳದಿಂದ ಚಿಮ್ಮಿದರೆ ಹಿಡಿದು ಕಟ್ಟಬಹುದು. ಇಲ್ಲಿ ಹೊಲಿಗೆ ಹಾಕಿದ ತೂತು, ಸೂಜಿ ಚುಚ್ಚಿದ ಜಾಗ, ಮೂಗು, ಎಲ್ಲೆಂದರಲ್ಲಿ ಜಿನುಗುತ್ತಿತ್ತು. ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕಳೆದುಕೊಂಡಾಗ ಹೀಗಾಗುತ್ತದೆ. ಇದನ್ನು ಕೋಯಾಗ್ಯುಲೋಪತಿ ಎನ್ನುತ್ತೇವೆ. ತೀವ್ರವಾಗಿ ಗಾಯಗೊಂಡವರನ್ನು ಎಷ್ಟೋ ಸಲ ಗಾಯಕ್ಕಿಂತ ಇದೇ ಕೊಲ್ಲುತ್ತದೆ.

ಲ್ಯಾಬಿನ ವರದಿ ನೋಡಿದೆ. ಹೆಪ್ಪುಗಟ್ಟುವ ಅವಧಿ ತುಸು ಹೆಚ್ಚಿತ್ತು ನಿಜ, ಆದರೆ ಇಷ್ಟು ಸೋರಿಕೆಗೆ ಅದು ಸಾಲದು. ಮೇಜಿನ ಮೇಲಿದ್ದವನು ಒಂದು ಹೇಳುತ್ತಿದ್ದ, ಕಾಗದ ಇನ್ನೊಂದು. ಸ್ಯಾಂಪಲ್ ಅದಲುಬದಲಾಗಿದೆಯೇ? ಮತ್ತೆ ಕಳಿಸಿದೆ, ಮತ್ತೆ ಅದೇ ಉತ್ತರ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದನೇ? ಇಲ್ಲವೆಂದು ಅವನನ್ನು ಕರೆತಂದ ಸೈಟ್ ಸೂಪರ್‌ವೈಸರ್ ಹೇಳಿದ್ದನಂತೆ. ಯಾರ ಮಾತ್ರೆ ಯಾರಿಗೆ ಗೊತ್ತು? ಕೇಸ್ ಶೀಟಿನಲ್ಲಿ ಮೈಬಿಸಿ 98.4 ಫ್ಯಾರನ್‌ಹೀಟ್ ಎಂದು ಬರೆದಿತ್ತು. ಇಷ್ಟು ರಕ್ತ ಕಳೆದುಕೊಂಡವನ ಮೈ ಪಠ್ಯಪುಸ್ತಕದಷ್ಟು ಸರಿಯಾಗಿ ಇರುವುದುಂಟೆ? ಥರ್ಮಾಮೀಟರ್ ಹಚ್ಚದೆ ಬರೆಯುವ ಅಂಕಿ ಅದು. ನಾನೇ ಅನ್ನನಾಳದೊಳಗೆ ಪ್ರೋಬ್ ಇಳಿಸಿದೆ. 32.6 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಇರಬೇಕಾದದ್ದು 37.

ಒಂದು ಗಂಟು ಬಿಚ್ಚಿತು. ರಕ್ತವನ್ನು ಹೆಪ್ಪುಗಟ್ಟಿಸುವ ಅಂಶಗಳು ಬಿಸಿಯಲ್ಲಿ ಮಾತ್ರ ಸರಿಯಾಗಿ ದುಡಿಯುತ್ತವೆ. ಲ್ಯಾಬಿನ ಯಂತ್ರ ಪ್ರತಿ ಸ್ಯಾಂಪಲನ್ನೂ 37 ಡಿಗ್ರಿಗೆ ಕಾಯಿಸಿಕೊಂಡೇ ಪರೀಕ್ಷೆ ಮಾಡುತ್ತದೆ. ಅಲ್ಲಿ ಬೆಚ್ಚಗಾದ ರಕ್ತ ಹೆಪ್ಪುಗಟ್ಟಿತು, ಇಲ್ಲಿ ತಣ್ಣಗಿದ್ದ ದೇಹದಲ್ಲಿ ಕಟ್ಟಲಿಲ್ಲ.

“ಎಲ್ಲೋ ಒಂದು ನಾಳ ತಪ್ಪಿಹೋಗಿದೆ ಮ್ಯಾಡಮ್, ಇನ್ನಷ್ಟು ತೆರೆದು ಹುಡುಕ್ತೀನಿ,” ಎಂದ ಸಮೀರ್.

“ನೀನು ಹುಡುಕಿದಷ್ಟೂ ಅವನು ತಣ್ಣಗಾಗ್ತಾನೆ. ಬಟ್ಟೆ ತುರುಕಿ ಒತ್ತಿಟ್ಟು ನಿಲ್ಲಿಸು,” ಎಂದೆ. ಇದಕ್ಕೆ ಡ್ಯಾಮೇಜ್ ಕಂಟ್ರೋಲ್ ಎಂದು ಹೆಸರು: ಪೂರ್ತಿ ರಿಪೇರಿಯ ಆಸೆ ಬಿಟ್ಟು, ಮೊದಲು ದೇಹವನ್ನು ಬೆಚ್ಚಗೆ ಮಾಡುವುದು. ಸಮೀರ್ ಮುಖ ಗಂಟಿಕ್ಕಿದ, ಆದರೆ ಮಾತು ಕೇಳಿದ.

ಎ.ಸಿ. ಆರಿಸಿದೆವು. ಕೊಡುವ ರಕ್ತವನ್ನೆಲ್ಲ ಬೆಚ್ಚಗೆ ಮಾಡಿಯೇ ಹರಿಸಿದೆವು. ಕೆಳಗೆ ಬಿಸಿ ಹಾಸಿಗೆ ಸೇರಿಸಲೆಂದು ಅವನನ್ನು ಹುಷಾರಾಗಿ ಒಂದು ಮಗ್ಗುಲಿಗೆ ಎತ್ತಿದಾಗ ಬೆನ್ನು ಕಂಡಿತು. ಅಲ್ಲಿ ಗೋಣಿಯ ನೇಯ್ಗೆ ಅಚ್ಚೊತ್ತಿತ್ತು, ನಾರು ಅಂಟಿಕೊಂಡಿತ್ತು. ಈಗಷ್ಟೇ ಬಿದ್ದ, ನೇರ ಕಾರಿನಲ್ಲಿ ಹಾಕಿ ತಂದೆವು ಎಂದು ಸೂಪರ್‌ವೈಸರ್ ಬರೆಸಿದ್ದ. ಕಾರಿನ ಸೀಟಿಗೆ ಗೋಣಿಯ ಗೆರೆ ಎಲ್ಲಿಂದ ಬರಬೇಕು?

ಅಷ್ಟರಲ್ಲಿ ರೆಸಿಡೆಂಟ್ ಡಾಕ್ಟರ್ ಟ್ರಾನೆಕ್ಸಾಮಿಕ್ ಆಸಿಡ್ ಸಿರಿಂಜ್ ಹಿಡಿದು ನಿಂತಿದ್ದಳು. ಕಟ್ಟಿದ ಹೆಪ್ಪು ಕರಗದಂತೆ ಕಾಯುವ ಔಷಧ ಅದು. ಗಾಯವಾದ ಮೂರು ಗಂಟೆಯೊಳಗೆ ಕೊಟ್ಟರೆ ಜೀವ ಉಳಿಸುತ್ತದೆ. ಆಮೇಲೆ ಕೊಟ್ಟರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಹಾಗಾದರೆ ಇವನು ಬಿದ್ದದ್ದು ಯಾವಾಗ? “ತಡಿ,” ಎಂದು ಅವಳನ್ನು ನಿಲ್ಲಿಸಿ ಬಾಗಿಲಿಗೆ ಬಂದೆ.

ಹೊರಗೆ ಹಣಮಂತನ ಹೆಂಡತಿ ಮಲ್ಲಮ್ಮ ಗೋಡೆಗೊರಗಿ ನಿಂತಿದ್ದಳು. ಅವಳ ಮುಂದೆಯೇ ಸೂಪರ್‌ವೈಸರ್. ನಾನು ಬಾಯಿ ತೆರೆಯುವ ಮೊದಲೇ ಅವನು ಮರಾಠಿಯಲ್ಲಿ, “ಅವಳಿಗೆ ಏನೂ ತಿಳಿಯೋದಿಲ್ಲ ಮ್ಯಾಡಮ್, ನನ್ನನ್ನ ಕೇಳಿ,” ಎಂದ. ನಾನು ಧಾರವಾಡದವಳೆಂದು ಅವನಿಗೇನು ಗೊತ್ತು!

“ಯವ್ವಾ, ನಿನ್ನ ಗಂಡ ಯಾವಾಗ ಬಿದ್ದಾನ?” ಎಂದು ಅವಳನ್ನೇ ಕೇಳಿದೆ.

ಕನ್ನಡ ಕಿವಿಗೆ ಬಿದ್ದದ್ದೇ ಅವಳ ಕಟ್ಟೆ ಒಡೆಯಿತು. “ಮುಂಜಾನಿ ನ್ಯಾರಿ ಮಾಡಿ ಮ್ಯಾಲ ಏರಿದ್ರು ರೀ, ಏರಿದ ಸ್ವಲ್ಪ ಹೊತ್ತಿಗೇ ಬಿದ್ರು. ಮೈಮ್ಯಾಲ ಗಾಯ ಇಲ್ಲ, ಎಚ್ಚರನೂ ಇಲ್ಲ. ಬಿಸಲಿಗೆ ಚಕ್ಕರ ಬಂದದ, ತಂಪ ಮಾಡು, ಎದ್ದ ಕುಂದರ್ತಾನ ಅಂದ್ರು ಇವ್ರು. ಸ್ಲ್ಯಾಬಿಗೆ ಹಾಸೋ ಗೋಣಿ ನೀರಾಗ ಅದ್ದಿ ಕೆಳಗೂ ಹಾಸಿದೆ, ಮ್ಯಾಲೂ ಹೊಚ್ಚಿದೆ. ಒಣಗಿದಂಗ ಮತ್ತ ನೀರ ಹೊಡದೆ. ದವಾಖಾನಿಗೆ ಒಯ್ರಿ ಅಂತ ಕಾಲ ಬಿದ್ದೆ ರೀ. ಸಂಜಿಮುಂದ ಟೆಂಪೋದಾಗ ಹಾಕಿದ್ರು.”

ಹೊಸ ಸ್ಲ್ಯಾಬ್ ಬಿರುಕು ಬಿಡದಿರಲೆಂದು ಗಾರೆಯವರು ಒದ್ದೆ ಗೋಣಿ ಹಾಸಿ ನೀರು ಹೊಡೆಯುತ್ತಲೇ ಇರುತ್ತಾರೆ. ಆ ಕೆಲಸ ಮಲ್ಲಮ್ಮನದೇ. ಕಾಂಕ್ರೀಟಿಗೆ ಮಾಡುವ ಆರೈಕೆಯನ್ನು ಗಂಡನಿಗೂ ಮಾಡಿದ್ದಳು. ಒಳಗೆ ರಕ್ತ ಸೋರಿ ತನ್ನ ಕಾವನ್ನು ತಾನೇ ಹುಟ್ಟಿಸಿಕೊಳ್ಳಲಾಗದ ಮೈ, ಮೇಲೆ ಒದ್ದೆ ಗೋಣಿ, ತೆರೆದ ಟೆಂಪೋದ ಗಾಳಿ, ಕೊನೆಗೆ ನಮ್ಮ ಸ್ಕ್ಯಾನಿಂಗ್ ಕೋಣೆಯ ಎ.ಸಿ. ಮಣ್ಣಿನ ಬಿಂದಿಗೆಯ ನೀರಿನ ಹಾಗೆ ಮನುಷ್ಯ ತಣ್ಣಗಾಗಿದ್ದ. ಬೆಳಗಿನ ತಿಂಡಿ ತಿಂದು ಏರಿ ಬಿದ್ದವನಿಗೆ ಮೂರು ಗಂಟೆ ಎಂದೋ ದಾಟಿತ್ತು. ಒಳಗೆ ಹೋಗಿ ಸಿರಿಂಜ್ ಕೆಳಗಿಡಿಸಿದೆ. ಸಮೀರನಿಗೆ ವಿವರಿಸುವಾಗ ಬಾಗಿಲು ಅರ್ಧ ತೆರೆದೇ ಇತ್ತು. ಸೂಪರ್‌ವೈಸರ್ ಅಲ್ಲೇ ನಿಂತು ಕೇಳಿಸಿಕೊಂಡ.

ಮೈ 36 ದಾಟುವ ಹೊತ್ತಿಗೆ ಜಿನುಗುವುದು ಕಡಿಮೆಯಾಯಿತು. ಎರಡು ದಿನ ಬಿಟ್ಟು ಸಮೀರ್ ತುರುಕಿದ ಬಟ್ಟೆ ತೆಗೆದು ಹೊಟ್ಟೆ ಮುಚ್ಚಿದ. ಹಣಮಂತ ಬದುಕುತ್ತಾನೆಂದು ನನಗೆ ಧೈರ್ಯ ಬಂದದ್ದು ಅಂದೇ.

ಅದೇ ದಿನ ಐಸಿಯು ಬಾಗಿಲಲ್ಲಿ ಮಲ್ಲಮ್ಮ ನನ್ನನ್ನು ತಡೆದಳು. ಮುಖ ಬಿಳಿಚಿಕೊಂಡಿತ್ತು. “ಡಾಕ್ಟರ ಬಾಯಾರ, ನಾ ಗೋಣಿ ಹೊಚ್ಚಿದ್ದಕ್ಕ ಹಿಂಗಾತು ಅಂತ ನೀವು ಅಂದಿರೇನ್ರಿ?”

“ಯಾರು ಹೇಳಿದ್ರು?”

“ಅವ್ರೇ, ಸೂಪರ್‌ವೈಸರ್ರು. ಕೆಳಗ ಪೊಲೀಸ್ರು ಬಂದಾರ್ರಿ, ಬರಕೊಳ್ಳಾಕತ್ಯಾರ. ನಂಗ ಮರಾಠಿ ಬರಲ್ಲ. ನನ್ನ ಮಾತನ್ನ ಅವ್ರೇ ಹೇಳಾಕತ್ಯಾರ.”

ನನ್ನ ರಕ್ತ ಕುದಿಯಿತು. ನಾನು ಹೇಳಿದ ಸತ್ಯವನ್ನೇ ಎತ್ತಿಕೊಂಡು ಅವನು ಅವಳ ಕುತ್ತಿಗೆಗೆ ಕಟ್ಟುತ್ತಿದ್ದ. ಸುಳ್ಳು ಸಮಾಧಾನ ಹೇಳುವ ಜಾಯಮಾನ ನನ್ನದಲ್ಲ. “ತಂಪ ಮಾಡಿದ್ದು ಒಳ್ಳೇದಾಗಲಿಲ್ಲವ್ವಾ, ಖರೆ. ಆದ್ರ ದವಾಖಾನಿಗೆ ಒಯ್ಯೂದು ಬ್ಯಾಡ ಅಂದಾಕಿ ನೀ ಅಲ್ಲ. ಬಾ,” ಎಂದು ಅವಳ ಕೈ ಹಿಡಿದು ಮೆಟ್ಟಿಲಿಳಿದೆ.

ಕೆಳಗೆ ಹವಾಲ್ದಾರ ಬರೆಯುತ್ತಿದ್ದ, ಸೂಪರ್‌ವೈಸರ್ ಹೇಳುತ್ತಿದ್ದ. “ಇದು ಡಾಕ್ಟರ ಕೆಲಸ ಅಲ್ಲ ಮ್ಯಾಡಮ್,” ಎಂದ ಸೂಪರ್‌ವೈಸರ್, ನನ್ನನ್ನು ಕಂಡು. ನಾನು ಕುರ್ಚಿ ಎಳೆದು ಮಲ್ಲಮ್ಮನನ್ನು ಕೂರಿಸಿದೆ. ಇವಳು ಕನ್ನಡದಲ್ಲಿ ಹೇಳುತ್ತಾಳೆ, ನಾನು ಮರಾಠಿಯಲ್ಲಿ ಹೇಳುತ್ತೇನೆ, ಬೇಕಿದ್ದರೆ ಕನ್ನಡ ಬಲ್ಲ ಇನ್ನೊಬ್ಬರನ್ನು ಕರೆಸಿ ತಾಳೆ ನೋಡಿ ಎಂದು ಹವಾಲ್ದಾರನಿಗೆ ತಿಳಿಸಿದೆ. ಅವನು ಸೂಪರ್‌ವೈಸರನನ್ನು ಹೊರಗೆ ನಿಲ್ಲಲು ಹೇಳಿದ.

ಕಿರಿಯರಿಗೆ ಈ ಕೇಸು ಹೇಳುವಾಗ, ತಣ್ಣಗಿರುವ ರೋಗಿಯ ವಿಷಯದಲ್ಲಿ ಲ್ಯಾಬನ್ನು ನಂಬಬೇಡಿ, ಮೈಬಿಸಿ ನೀವೇ ನೋಡಿ ಎನ್ನುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ರೋಗಿಯ ಪರವಾಗಿ ಮಾತಾಡುತ್ತಿರುವವನು ಯಾರು, ಅವನ ಹಿಂದೆ ಸುಮ್ಮನೆ ನಿಂತವರು ಯಾರು, ಅದನ್ನೂ ನೋಡಿ ಎಂದಾಗ ಪೆನ್ನು ನಿಲ್ಲುತ್ತದೆ. ವೃತ್ತಿ ನನಗೆ ಕಲಿಸಿದ್ದರಲ್ಲಿ ಇದೇ ಹೆಚ್ಚು ಬೆಲೆಯದು.

ಅಂದು ಹವಾಲ್ದಾರ ಪೆನ್ನು ಹಿಡಿದು ಮಲ್ಲಮ್ಮನ ಕಡೆ ನೋಡಿದ. ಅವಳು ಮೊದಲು ಬಾಗಿಲ ಕಡೆ ತಿರುಗಿ ಸೂಪರ್‌ವೈಸರ್ ಹೋದನೇ ಎಂದು ನೋಡಿಕೊಂಡಳು. ಆಮೇಲೆ ಸೆರಗು ಸರಿಮಾಡಿಕೊಂಡು, ಮೊದಲಿನಿಂದ ಹೇಳತೊಡಗಿದಳು.