ಬ್ರೋಕರ್ ಇಲ್ಲದ ಪಿಚ್ಚರ್

ಹಂಪಾಪುರದ ಮದುವೆ ಬ್ರೋಕರ್ ಸಣ್ಣಪ್ಪ ಗಂಡಿನ ಕಡೆಯವರನ್ನು ಕರೆದುಕೊಂಡು ಹೆಣ್ಣು ನೋಡಲು ಯಾರ ಮನೆಗೆ ಹೋದರೂ, ಉಪ್ಪಿಟ್ಟು ಬರುವುದಕ್ಕೆ ಮೊದಲೇ ತಾನು ನೋಡಿದ ಒಂದು ಡಚ್ ಸಿನಿಮಾದ ಕಥೆ ತೆಗೆಯುತ್ತಾನೆ. ಅದು ಯಾವುದೋ ದಪ್ಪ ಕಾದಂಬರಿಯಿಂದ ಮಾಡಿದ್ದು, ಪ್ರಶಸ್ತಿಗಳನ್ನು ಬಾಚಿಕೊಂಡದ್ದು, ಕಾಲೇಜು ಓದುವ ತಂಗಿ ಮಗಳು ಮೊಬೈಲಿನಲ್ಲಿ ತೋರಿಸಿ ಅರ್ಥ ಹೇಳಿದ್ದು. “ನಮ್ ಕೆ.ಆರ್. ನಗರದಂಗೇ ನಾಲೆ ಕಣ್ರೀ, ಏರಿ ಮ್ಯಾಲೆ ಒಬ್ಬ ಹುಡ್ಗ, ಒಬ್ಳು ಹುಡ್ಗಿ ಇಬ್ರೂ ಸೈಕಲ್ ತುಳೀತಾರೆ. ಅವ್ಳು ಕಾಯ್ತಾಳೆ, ಸಿಡುಕ್ತಾಳೆ, ಇವ್ನು ಬಾಯಿ ಬುಡಾಕಿಲ್ಲ. ಕೊನೆಗೆ ಅವ್ಳು ರೈಲು ಅತ್ಕಂಡು ಒಂಟೋಯ್ತಾಳೆ,” ಎಂದು ಹಣೆ ಚಚ್ಚಿಕೊಳ್ಳುತ್ತಾನೆ. ತಾನೇನಾದರೂ ಅಲ್ಲಿದ್ದಿದ್ದರೆ ಹುಡುಗನ ಮೂಕತನವನ್ನು ಗಾಂಭೀರ್ಯವೆಂದೂ, ಹುಡುಗಿಯ ಸಿಡುಕನ್ನು ಸಂಸಾರ ತೂಗಿಸುವ ಜಾಣತನವೆಂದೂ ಹೇಳಿ, ಕಾಫಿ ಆರುವುದರೊಳಗೆ ತಾಂಬೂಲ ಬದಲಾಯಿಸಿಬಿಡುತ್ತಿದ್ದನಂತೆ. “ಅಷ್ಟ್ ದಪ್ಪ ಪುಸ್ತಕ ಬರೆದೋನ್ಗೆ ಮಧ್ಯದಲ್ಲಿ ಒಬ್ಬ ಬ್ರೋಕರ್‌ನ ಇಡಬೇಕು ಅಂತ ಒಳೀಲಿಲ್ವಲ್ಲ” ಎಂಬುದೇ ಅವನ ಕೊರಗು. ಮೊನ್ನೆ ಪಿರಿಯಾಪಟ್ಟಣದ ಕಡೆಯ ಒಂದು ಮನೆಯಲ್ಲಿ ಹುಡುಗಿಯ ಅಜ್ಜಿ ಇದನ್ನೆಲ್ಲ ಕೇಳಿಸಿಕೊಂಡು, “ಇಷ್ಟೆಲ್ಲ ಬಲ್ಲೋನು ನೀನ್ಯಾಕಪ್ಪ ಒಂಟಿಯಾಗೇ ಉಳ್ಕಂಡೆ?” ಅಂದರು. ಸಣ್ಣಪ್ಪ ಉಪ್ಪಿಟ್ಟಿನಲ್ಲಿದ್ದ ಮೆಣಸಿನಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸಿದ. “ನಂಗೂ ಒಬ್ಳು ಇಷ್ಟ ಆಗಿದ್ಲು ಕಣವ್ವ. ಈಗ ಹುಣಸೂರಲ್ಲಿ ಗಂಡ ಮಕ್ಳ ಜೊತೆ ಚೆಂದಾಗವ್ಳೆ. ಒಳ್ಳೇ ಸಂಬಂಧ, ನಾನೇ ಕೂಡ್ಸಿದ್ದು.”