ಮಿಸ್ಸಿ ಬಾರದ ಎರಡು ತಿಂಗಳು

ಎಂಟು ಸಲ ಚೀಪಿ ಮಗು ನಿಲ್ಲಿಸುತ್ತದೆ. ಹಣೆಯಲ್ಲಿ ಬೆವರು. ಮತ್ತೆ ಆರು ಸಲ, ಮತ್ತೆ ಬೆವರು. ಹಾಲು ಕುಡಿಯುವುದಕ್ಕೆ ಯಾರಾದರೂ ಬೆವರುತ್ತಾರೆಯೇ? ತಾಯಿ ನಿಸಂಸಲಾ ಎಣಿಸುವುದನ್ನು ಬಿಡಲಾರಳು. ನಿದ್ದೆಗೂ ಎಚ್ಚರಕ್ಕೂ ನಡುವೆ ತೇಲುವ ಮಧ್ಯಾಹ್ನಗಳಲ್ಲೂ ಅವಳ ತುಟಿ ಎಣಿಸುತ್ತಲೇ ಇರುತ್ತದೆ.

ಶ್ರೀಲಂಕಾದ ಕಡಲೂರು ವೆಲಿಗಮದಲ್ಲಿ ಅವಳಿರುವ ಓಣಿಗೆ ಇಪ್ಪತ್ತಾರು ವರ್ಷಗಳಿಂದ ಸೋಮಲತಾ ಸರ್ಕಾರಿ ಸೂಲಗಿತ್ತಿ. ಎಲ್ಲರ ಬಾಯಲ್ಲೂ ಮಿಸ್ಸಿ. ಬೇಲಿಯಾಚೆ ಮೊದಲು ಕಾಣುವುದು ಅವಳ ಕಪ್ಪು ಕೊಡೆ. ಕೆಳಗೆ ಯಾರೂ ಇಲ್ಲವೇನೋ ಎನ್ನುವಂತೆ ಕಡಲಕಡೆಯ ಬಿಸಿಲಲ್ಲಿ ಅದು ತಾನಾಗಿ ತೇಲಿ ಬರುತ್ತದೆ. ಯಾರ ಮನೆಯಲ್ಲೂ ಚಹಾ ಮುಟ್ಟುವವಳಲ್ಲ. ಒಂದು ಮನೆಯಲ್ಲಿ ಕುಡಿದರೆ ಎಲ್ಲ ಮನೆಯಲ್ಲೂ ಕುಡಿಯಬೇಕು. ಮಗುವನ್ನು ತೂಗಿ, ಮಗುವಿನ ಬೆಳವಣಿಗೆಯ ನೀಲಿ ಪುಸ್ತಕದಲ್ಲಿ ತೂಕದ ಚುಕ್ಕೆಯಿಟ್ಟು, ಅಮ್ಮನ ಊಟ ನಿದ್ದೆ ವಿಚಾರಿಸಿ ಹೊರಡುವಳು. ಯಾರ ಹತ್ತಿರವೂ ಕಾಸು ಕೇಳಿದ್ದಿಲ್ಲ.

ಕೇಳದಿರುವುದೇ ಕೊಲಂಬೊದಲ್ಲಿ ಓದಿ ಬೆಳೆದ ನಿಸಂಸಲಾಗೆ ಅನುಮಾನ. ಬಿಟ್ಟಿ ಸಿಗುವುದರಲ್ಲಿ ಏನೋ ಒಂದು ಕಡಿಮೆಯಿರಲೇಬೇಕು. ಎರಡು ತಿಂಗಳ ಹಿಂದೆ ಗೇಟಿನಲ್ಲೇ ನಿಂತು ಹೇಳಿಬಿಟ್ಟಳು.

"ಇನ್ಮೇಲೆ ಬರೋದು ಬೇಡ ಮಿಸ್ಸಿ. ನಾವು ಮಾತರ ಪೇಟೆಗೆ ಹೋಗಿ ಚಾನೆಲ್ ಮಾಡಿಸ್ತೀವಿ."

ಚಾನೆಲ್ ಎಂದರೆ ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕಟ್ಟಿ, ಸಂಜೆ ಹೊತ್ತು ದೊಡ್ಡ ಡಾಕ್ಟರರ ಸರದಿ ಹಿಡಿಯುವುದು.

"ಹಾಗೇ ಆಗ್ಲಿ ಮಗಳೇ," ಮಿಸ್ಸಿ ನಕ್ಕಳು. "ದುಡ್ಡು ಕೊಟ್ಟು ತೂಗಿಸಿದ್ರೆ ಜಾಸ್ತಿ ತೂಗ್ತಾನೇನೋ, ನೋಡು."

ನಿನ್ನೆ ಸಂಜೆ ಮೂರು ತಾಸು ಕಾದಮೇಲೆ ಡಾಕ್ಟರರು ಸಿಕ್ಕಿದರು. ಮಗುವಿನ ಎದೆಗೆ ಕೊಳವೆಯಿಟ್ಟು ಕೇಳಿ, ನೀಲಿ ಪುಸ್ತಕದ ಹಾಳೆ ತಿರುವಿದರು.

"ಗುಂಡಿಗೇಲಿ ಒಂದು ಸದ್ದು ಕೇಳ್ತಿದೆ. ಈ ಪುಸ್ತಕ ಎರಡು ತಿಂಗಳಿಂದ ಖಾಲಿ ಯಾಕೆ?"

"ನಾವು ಚಾನೆಲ್ ಅಂತ..."

"ಇಲ್ಲಿ ಯಾರಮ್ಮಾ ತಿಂಗಳು ತಿಂಗಳು ತೂಗ್ತಾರೆ? ಮಂಗಳವಾರ ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಗೆ ಬನ್ನಿ. ಅಲ್ಲೂ ನಾನೇ ಇರೋದು. ಪರೀಕ್ಷೆನೂ ಅಲ್ಲೇ, ಆಪರೇಷನ್ ಬೇಕಾದ್ರೆ ಅದಕ್ಕೂ ಅಲ್ಲಿಂದಲೇ ಬರೆದುಕೊಡ್ತೀನಿ. ಕಾಸು ಬೇಡ. ನಿಮ್ಮ ಮಿಸ್ಸಿ ಕೈಲಿ ಚೀಟಿ ಬರೆಸಿಕೊಂಡು ಬನ್ನಿ."

ಅದೇ ಡಾಕ್ಟರು, ಅದೇ ಕಿವಿ. ಮನೆಗೆ ಬರುವ ಬಸ್ಸಿನ ದಾರಿಯುದ್ದಕ್ಕೂ ಕಿಟಕಿಯಾಚೆ ಬೆಳದಿಂಗಳಲ್ಲಿ ಕಡಲು ಹಾಲಿನ ಬಣ್ಣಕ್ಕೆ ತಿರುಗುತ್ತಿತ್ತು. ಅವಳಿಗೆ ಅದು ಯಾರದೋ ಕನಸಿನ ಕಡಲಿನಂತೆ ಕಂಡಿತು.

ಇವತ್ತು ಮಧ್ಯಾಹ್ನ ಅತ್ತೆ ಅಡುಗೆಗೆ ದೀಗುಜ್ಜೆಕಾಯಿ ಹೆಚ್ಚುತ್ತ ಕೂತಿದ್ದರು.

"ಮಿಸ್ಸಿಗೆ ಫೋನ್ ಮಾಡಿದ್ಯಾ?"

"ಯಾವ ಮುಖ ಇಟ್ಕೊಂಡು ಮಾಡ್ಲಿ ಅಮ್ಮಾ?"

"ಫೋನಲ್ಲಿ ಮುಖ ಎಲ್ಲಿ ಕಾಣುತ್ತೆ? ಮಾಡು."

ಎಲೆಗಳ ನೆರಳು ಮಗುವಿನ ಮುಖದ ಮೇಲೆ ನೀರಿನಂತೆ ಸರಿದಾಡುತ್ತಿತ್ತು. ಎರಡು ಸಲ ಅಂಕಿ ಒತ್ತಿ ಅಳಿಸಿದಳು. ಮೂರನೆಯ ಸಲ ಅಳಿಸಲಿಲ್ಲ, ಕರೆ ಹೋಗಲಿ ಎಂದು ಬಿಟ್ಟಳು.

"ಯಾರು?"

"ಮಿಸ್ಸಿ, ನಾನು ಸೆನುಕನ ಅಮ್ಮ. ಡಾಕ್ಟರು ಗುಂಡಿಗೇಲಿ ಸದ್ದಿದೆ ಅಂದ್ರು. ಅವತ್ತು ನಾನು ಹಾಗಂದಿದ್ದು..."

"ಅದಿರ್ಲಿ. ಮಗು ಈಗ ಎದ್ದಿದ್ದಾನಾ?"

"ಹೂಂ."

"ಬೆಳಕಿಗೆ ಎತ್ತಿ ಹಿಡಿ. ತುಟಿ ಬಣ್ಣ ಹೇಗಿದೆ, ಹೇಳು. ಗಾಬರಿ ಬೇಡ, ನಿಧಾನ ನೋಡು. ನಾನು ಚಪ್ಪಲಿ ಹಾಕ್ಕೋತಿದೀನಿ."