ಎಡತೋಳಿನ ತೇಪೆ

ಬೆಳಗಿನ ಐದೂವರೆ. ನಾಟಕದ ಉಡುಪುಗಳನ್ನು ಬಾಡಿಗೆಗೆ ಕೊಡುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಚಿಕ್ಕಮ್ಮ ಬ್ಲೇಡು ಹಿಡಿದು ಕೂತಿದ್ದಾರೆ. ಎದುರಿಗೆ ಸೈನಿಕನೊಬ್ಬನ ಎಪ್ಪತ್ತು ವರ್ಷ ಹಳೆಯ ಉಣ್ಣೆಯ ಕೋಟು. ಅದರ ಎಡತೋಳಿನ ತುದಿಯಲ್ಲಿರುವ ತೇಪೆಯನ್ನು ಬಿಚ್ಚಬೇಕು. ನಲವತ್ತೆರಡು ವರ್ಷ ಹೊಲಿದು ಬಿಚ್ಚಿ ಪಳಗಿದ ಕೈ ಇವತ್ತು ಮುಂದೆ ಹೋಗುತ್ತಿಲ್ಲ.

“ಈ ತೇಪೆ ಹಾಕಿದ್ದು ನಾನೇ. ಅಡಿಯಲ್ಲಿ ಏನು ಉಳಿಸಿದ್ದೀನೋ, ಏನು ಕತ್ತರಿಸಿ ಎಸೆದಿದ್ದೀನೋ, ಒಂದೂ ನೆನಪಿಲ್ಲ” ಎನ್ನುತ್ತಾರೆ.

ತಮ್ಮ ತಂದೆಯದೇ ಇರಬಹುದಾದ ಈ ಕೋಟು ನೋಡಲು ಹತ್ತು ಗಂಟೆಗೆ ಒಬ್ಬರು ಬರುವವರಿದ್ದಾರೆ. ಅಂಚೆ ಇಲಾಖೆಯಿಂದ ನಿವೃತ್ತರಾದ ಎಪ್ಪತ್ತರ ಹಿರಿಯರು. ತಂದೆ ಯುದ್ಧದಲ್ಲಿ ತೀರಿಕೊಂಡ ಮೂರು ತಿಂಗಳಿಗೆ ಹುಟ್ಟಿದವರು. ತಂದೆಯದೆಂದು ಅವರ ಬಳಿ ಇರುವುದು ಒಂದೇ ಕಾಗದ: ಒಲೆಯ ಹತ್ತಿರ ಕೂತು ಕೋಟಿನ ಎಡತೋಳು ಸುಟ್ಟುಕೊಂಡೆ, ಒಳಜೇಬು ಕತ್ತರಿಸಿ ನಾನೇ ತೇಪೆ ಹಾಕಿದೆ, ನೋಡಿದರೆ ನೀನು ನಗುತ್ತೀಯ ಎಂದು ಹೆಂಡತಿಗೆ ಬರೆದದ್ದು.

ಮೂರು ತಲೆಮಾರಿನ ನಟರ ಬಾಯಲ್ಲಿ ಚಿಕ್ಕಮ್ಮ ಆಗಿರುವ ಇವರು ಇಲ್ಲಿಗೆ ಸೇರಿದ್ದು ಹತ್ತೊಂಬತ್ತರ ವಯಸ್ಸಿನಲ್ಲಿ. ಸೇನೆಯ ಉಗ್ರಾಣ ಹರಾಜು ಹಾಕಿದ ಹಳೆಯ ಸಮವಸ್ತ್ರಗಳು ಆಗ ಮೂಟೆಗಟ್ಟಲೆ ಬರುತ್ತಿದ್ದವು. ಮಾಸಿದ ಗುಂಡಿ ಕಿತ್ತು ಹೊಳೆಯುವ ಗುಂಡಿ ಹಚ್ಚುವುದು, ಸುಟ್ಟ ಬಟ್ಟೆ ಕತ್ತರಿಸಿ ಹೊಸ ತೇಪೆ ಹಾಕುವುದು ಇವರ ಕೆಲಸ. ಕಾಲರಿನ ಒಳಗೆ ಸೈನಿಕನ ಸಂಖ್ಯೆ ಬರೆದ ಪಟ್ಟಿ ಕುತ್ತಿಗೆಗೆ ಚುಚ್ಚುತ್ತದೆಂದು ನಟರು ಗೊಣಗಿದರೆ ಅದಕ್ಕೂ ಕತ್ತರಿ. ಒಂದು ದಿನ ಕಸ ಗುಡಿಸುವಾಗ ಆ ಪಟ್ಟಿಯೊಂದರಲ್ಲಿ ಸಂಖ್ಯೆಯ ಪಕ್ಕ ಯಾರದೋ ಹೆಸರು ಕಂಡಿತು. ಅಂದು ಅವರಿಗೆ ಊಟ ಸೇರಲಿಲ್ಲ.

ಅಂದಿನಿಂದ, ನಾಟಕಕ್ಕೆ ಬೇಡವಾದ ಕೋಟುಗಳನ್ನು ಮಾಲೀಕರಿಂದ ಕೇಳಿ ಪಡೆದು ಕೂಡಿಡುತ್ತಿದ್ದಾರೆ. ಈವರೆಗೆ ಮೂವತ್ತನಾಲ್ಕಾಗಿವೆ. ಅವುಗಳನ್ನು ತೊಟ್ಟವರ ಮನೆಯವರನ್ನು ಹುಡುಕಿ ವಾರಕ್ಕೆ ನಾಲ್ಕು ಕಾಗದ ಬರೆಯುತ್ತಾರೆ. ಮೂರಕ್ಕೆ ಉತ್ತರವೇ ಬರುವುದಿಲ್ಲ. ಹತ್ತೊಂಬತ್ತು ಕೋಟುಗಳನ್ನು ತೊಟ್ಟವರು ಯಾರೆಂದು ತಿಳಿದಿದೆ, ಹನ್ನೆರಡು ಮನೆ ಸೇರಿವೆ. “ನನ್ನ ಅಂಗಿಗೆ ಎರಡು ಗುಂಡಿ ಇಲ್ಲ, ಸತ್ತವರ ಕೋಟಿಗೆ ಆರೂ ಇವೆ” ಎಂದು ಮನೆಯಲ್ಲಿ ಗಂಡ ಛೇಡಿಸುತ್ತಾರೆ. ಕಾಗದಗಳನ್ನು ಅಂಚೆಪೆಟ್ಟಿಗೆಗೆ ಹಾಕಿಬರುವವರೂ ಅವರೇ.

ಹನ್ನೆರಡರಲ್ಲಿ ಒಂದು ತಪ್ಪಿತು. ಒಬ್ಬನ ಕೋಟನ್ನು ಸೇನೆ ಇನ್ನೊಬ್ಬನಿಗೆ ಕೊಡುವುದುಂಟೆಂದು ಆಗ ಇವರಿಗೆ ಗೊತ್ತಿರಲಿಲ್ಲ. ಕಾಲರಿನ ಸಂಖ್ಯೆಯೊಂದನ್ನೇ ನಂಬಿ, ಯಾರದೋ ಕೋಟನ್ನು ಇನ್ನಾರದೋ ತಾಯಿಯ ಮಡಿಲಿಗೆ ಹಾಕಿ ಬಂದರು. ನಿಜ ತಿಳಿಯುವಷ್ಟರಲ್ಲಿ ಆಕೆ ಅದನ್ನು ತಬ್ಬಿಕೊಂಡೇ ಕಣ್ಣು ಮುಚ್ಚಿದ್ದರು. ಆ ಸಂಕಟ ಇನ್ನೂ ಆರಿಲ್ಲ. ಮೂರು ಗುರುತು ಕೂಡದೆ ಈಗ ಯಾರಿಗೂ ಕೋಟು ಕೊಡುವುದಿಲ್ಲ. ಈ ಕೋಟಿನಲ್ಲಿ ಸಂಖ್ಯೆ ಅರ್ಧ ಅಳಿಸಿದೆ, ಉಳಿದ ಅಂಕಿಗಳು ಹಿರಿಯರ ತಂದೆಯ ಸಂಖ್ಯೆಗೆ ಕೂಡುತ್ತವೆ. ಒಳಜೇಬು ಇಲ್ಲ, ನಿಜ. ಆದರೆ ಅದನ್ನೂ ತಾವೇ ಕಿತ್ತಿದ್ದರೆ? ಉಳಿದದ್ದು ತೋಳಿನ ಸುಟ್ಟ ಗುರುತು ಮಾತ್ರ.

ಹತ್ತಕ್ಕೆ ಬರಬೇಕಾದವರು ಒಂಬತ್ತಕ್ಕೇ ಬಂದಿದ್ದಾರೆ. ಕೂರಲು ಒಲ್ಲರು, ನೀರೂ ಬೇಡ. ತೇಪೆ ಇನ್ನೂ ಹಾಗೆಯೇ ಇದೆ. ಚಿಕ್ಕಮ್ಮ ಏನನ್ನೂ ಮುಚ್ಚಿಡುವುದಿಲ್ಲ. ಸುಟ್ಟ ಜಾಗವನ್ನು ತಾವೇ ಕತ್ತರಿಸಿರಬಹುದು, ಹಾಗಿದ್ದರೆ ಕೋಟು ಕೊಡಲಾಗದು ಎಂದು ಮೊದಲೇ ಹೇಳುತ್ತಾರೆ. ಹಿರಿಯರು ಕೋಟನ್ನು ಅವರತ್ತ ಸರಿಸಿ, ಬಿಚ್ಚಿ ಎನ್ನುತ್ತಾರೆ.

ಬ್ಲೇಡು ಒಂದೊಂದೇ ಹೊಲಿಗೆ ಕೊಯ್ಯುತ್ತದೆ. ತೇಪೆಯ ಅಡಿಯಲ್ಲಿ ಕರಿ ಹಿಡಿದ ಅಂಚು, ಅದರ ಒಳಗಿಂದ ಮಾಸಲು ಬಿಳಿಯ ಜೇಬಿನ ಬಟ್ಟೆ. ದಪ್ಪ ಕಪ್ಪು ದಾರದ ಸೊಟ್ಟ ಹೊಲಿಗೆ, ಎರಡು ಕಡೆ ಗಂಟು.

ಚಿಕ್ಕಮ್ಮ ಕುರ್ಚಿಗೆ ಒರಗಿ ಉಸಿರು ಬಿಡುತ್ತಾರೆ. “ಕತ್ತರಿಸೋಕೆ ಬೇಜಾರಾಗಿ ಮೇಲೇನೇ ಹೊಲಿದುಬಿಟ್ಟಿದ್ದೀನಿ. ಅವತ್ತೊಂದಿನ ಮೈಗಳ್ಳತನ ಮಾಡಿದ್ದು ಒಳ್ಳೇದಾಯ್ತು.”

ಹಿರಿಯರು ಆ ಗಂಟುಗಳ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ಇದನ್ನು ನೋಡಿ ನಗಲು ಅಮ್ಮನಿಗೆ ಆಗಲೇ ಇಲ್ಲ ಎಂದು ತಮಗೆ ತಾವೇ ಅಂದುಕೊಳ್ಳುತ್ತಾರೆ. ಆಮೇಲೆ ಕೇಳುತ್ತಾರೆ: “ಅಪ್ಪನಿಗೆ ಹೊಲಿಯೋಕೆ ಬರ್ತಿರಲಿಲ್ಲ, ಅಲ್ವಾ?”

ಬೇರೆಯವರ ಹೊಲಿಗೆಯನ್ನು ಒಮ್ಮೆಯೂ ಹೊಗಳದ ಚಿಕ್ಕಮ್ಮ ತೋಳನ್ನು ಬೆಳಕಿಗೆ ಹಿಡಿಯುತ್ತಾರೆ.

“ನನ್ನ ಹೊಲಿಗೆ ಹತ್ತು ನಿಮಿಷಕ್ಕೆ ಬಿಚ್ಕೊಂಡ್ತು” ಎನ್ನುತ್ತಾರೆ. “ಅವರದು ಎಳೆದು ನೋಡಿ. ಬಿಡೋದಿಲ್ಲ.”